ಹೊಸ ವಿಆರ್ ಹೆಡ್‌ಸೆಟ್ಟಿಗೆ ಗ್ರಾಫಿಕ್ಸ್ ಹೊಂದಿಸುವುದು: ಮೊದಲು ಸ್ಥಿರತೆ, ಆಮೇಲೆ ಸ್ಪಷ್ಟತೆ

ಅಕ್ಕನ ಮಗ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ ಮೇಲೆ ಬಳ್ಳಾರಿಯ ಅವರ ಮನೆಗೆ ಮೆಟಾ ಕ್ವೆಸ್ಟ್ 3 ಎಂಬ ವಿಆರ್ ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಆಟದ ಲೋಕವೇ ಕಾಣುವ ಸಾಧನ, ಬಂತು. ಅವನು ಅದನ್ನು ತನ್ನ ಗೇಮಿಂಗ್ ಲ್ಯಾಪ್‌ಟಾಪಿಗೆ ಜೋಡಿಸಿ, ಕಣ್ಣಿಗೆ ಬಿದ್ದ ಸೆಟ್ಟಿಂಗುಗಳನ್ನೆಲ್ಲ ಗರಿಷ್ಠಕ್ಕೆ ಏರಿಸಿ, ಹತ್ತು ನಿಮಿಷ ಆಡುವಷ್ಟರಲ್ಲಿ ಹೆಡ್‌ಸೆಟ್ ಕಳಚಿಟ್ಟು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿಬಿಟ್ಟ. ಏನಾಯಿತೆಂದು ಕೇಳಿದರೆ, “ಮಾಮ, ತಲಿ ತಿರುವಿದ್ರ ಗ್ವಾಡಿ ಸ್ವಲ್ಪ ತಡಾ ಆಗಿ ಹಿಂದಿಂದ ಬರ್ತೈತಿ” ಎಂದ. ವಿಆರ್ ಗ್ರಾಫಿಕ್ಸಿನ ಮುಖ್ಯ ದೋಷವನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಮುಂದಿನ ನಾಲ್ಕೈದು ಸಂಜೆ ನಾವಿಬ್ಬರೂ ಕುಳಿತು ಒಂದೊಂದೇ ಸೆಟ್ಟಿಂಗನ್ನು ಬದಲಿಸಿ, ನೋಡಿ, ಬರೆದಿಟ್ಟುಕೊಂಡ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಸಾಮಾನ್ಯ ಮಾನಿಟರಿನಲ್ಲಿ ಆಡುವಾಗ ಒಂದೆರಡು ಫ್ರೇಮ್ (ಒಂದರ ಹಿಂದೊಂದು ಬರುವ ಚಿತ್ರ) ತಪ್ಪಿದರೆ ಚಿತ್ರ ಕ್ಷಣಕಾಲ ಕುಕ್ಕಿದಂತಾಗುತ್ತದೆ, ಅಷ್ಟೇ. ಹೆಡ್‌ಸೆಟ್ಟಿನೊಳಗೆ ಹಾಗಲ್ಲ. ತಲೆ ತಿರುಗಿದ ಸಂಗತಿ ಒಳಕಿವಿಗೆ ಆಗಲೇ ತಿಳಿದಿರುತ್ತದೆ, ಕಣ್ಣಿನೆದುರಿನ ಲೋಕ ಮಾತ್ರ ಇನ್ನೂ ತಿರುಗಿರುವುದಿಲ್ಲ. ಈ ಎರಡು ಸಾಕ್ಷಿಗಳ ನಡುವಿನ ವಿರೋಧವೇ ತಲೆಸುತ್ತು, ಹೊಟ್ಟೆ ತೊಳಸುವಿಕೆ ಮತ್ತು ಬೆವರಿಗೆ ಕಾರಣ. ಆದ್ದರಿಂದ ಚಿತ್ರ ಸ್ವಲ್ಪ ಮಂದವಾಗಿದ್ದರೂ ಚಿಂತೆಯಿಲ್ಲ, ಅದು ತಲೆಯ ಜೊತೆಗೇ ಚಲಿಸಬೇಕು ಎಂಬುದನ್ನು ಮೊದಲ ನಿಯಮವಾಗಿ ಇಟ್ಟುಕೊಂಡರೆ ಮುಂದಿನ ಪ್ರತಿಯೊಂದು ತೀರ್ಮಾನವೂ ಸುಲಭವಾಗುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುವ ಹೊರೆಯ ಅಂದಾಜು ಕೂಡ ಇರಬೇಕು. ಕ್ವೆಸ್ಟ್ 3ರ ಪರದೆ ಒಂದು ಕಣ್ಣಿಗೆ 2064 × 2208 ಪಿಕ್ಸೆಲ್ ಇದೆ. ಎರಡೂ ಕಣ್ಣು ಸೇರಿದರೆ ಸುಮಾರು 91 ಲಕ್ಷ ಪಿಕ್ಸೆಲ್ ಆಗುತ್ತದೆ. ಫುಲ್ ಎಚ್‌ಡಿ ಮಾನಿಟರಿನಲ್ಲಿ ಇರುವುದು 21 ಲಕ್ಷಕ್ಕಿಂತ ಕಡಿಮೆ, 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ. 90 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರಗಳಂತೆ, ಆಡಿದರೆ ಸೆಕೆಂಡಿಗೆ 82 ಕೋಟಿ ಪಿಕ್ಸೆಲ್‌ಗಳನ್ನು ಬರೆಯಬೇಕು. ಅದೂ ಸಾಲದು, ಏಕೆಂದರೆ ಲೆನ್ಸ್ ಚಿತ್ರವನ್ನು ಎಳೆದು ಬಾಗಿಸುತ್ತದೆ, ಆ ಬಾಗನ್ನು ಸರಿದೂಗಿಸಲು ಸಾಫ್ಟ್‌ವೇರ್ ಚಿತ್ರವನ್ನು ವಿರುದ್ಧ ದಿಕ್ಕಿಗೆ ಬಾಗಿಸಿ ಕಳಿಸುತ್ತದೆ, ಹೀಗೆ ಬಾಗಿಸುವಾಗ ನಟ್ಟನಡುವಿನ ಭಾಗ ಹಿಗ್ಗುವುದರಿಂದ ಪರದೆಯಲ್ಲಿ ಇರುವುದಕ್ಕಿಂತ ಹೆಚ್ಚು ಪಿಕ್ಸೆಲ್‌ಗಳನ್ನು ಮೊದಲೇ ಬರೆದಿಟ್ಟಿರಬೇಕಾಗುತ್ತದೆ. ಮಾನಿಟರಿನಲ್ಲಿ ಹೊಸ ಆಟಗಳನ್ನು ಸಲೀಸಾಗಿ ಓಡಿಸುವ ಲ್ಯಾಪ್‌ಟಾಪ್ ಹೆಡ್‌ಸೆಟ್ ಜೋಡಿಸಿದ ಕೂಡಲೇ ಏದುಸಿರು ಬಿಡುವುದು ಇದರಿಂದಲೇ.

ಕ್ವೆಸ್ಟ್‌ನಲ್ಲಿಯೇ ಇನ್‌ಸ್ಟಾಲ್ ಆಗಿ ಓಡುವ ಆಟಗಳಲ್ಲಿ ಬಳಕೆದಾರ ಬದಲಿಸಬಹುದಾದದ್ದು ಬಹಳ ಕಡಿಮೆ, ಆಟ ಮಾಡಿದವರೇ ಆ ಯಂತ್ರದ ಅಳತೆಗೆ ಕತ್ತರಿಸಿ ಹೊಲಿದಿರುತ್ತಾರೆ. ಈ ಬರಹದ ಹೆಚ್ಚಿನ ಭಾಗ ಕಂಪ್ಯೂಟರಿಗೆ ಜೋಡಿಸಿ ಆಡುವವರಿಗೆ. ಮೊದಲ ಭಾಗ ಮಾತ್ರ ಎಲ್ಲರಿಗೂ ಬೇಕಾದದ್ದು.

ಸೆಟ್ಟಿಂಗಿಗೆ ಮುನ್ನ: ಕಣ್ಣು, ಲೆನ್ಸ್, ಬೆಳಕು

ಚಿತ್ರ ಮಸುಕಾಗಿದೆ ಎಂದು ದೂರುವವರಲ್ಲಿ ಅನೇಕರ ತೊಂದರೆ ಗ್ರಾಫಿಕ್ಸಿನದ್ದೇ ಅಲ್ಲ, ಹೆಡ್‌ಸೆಟ್ ಕುಳಿತಿರುವ ರೀತಿಯದ್ದು. ಮೊದಲು ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರವನ್ನು ಅಳೆಯಿರಿ. ಕನ್ನಡಿಯೆದುರು ಒಂದು ಗೇಣು ದೂರದಲ್ಲಿ ನಿಂತು, ಮಿಲಿಮೀಟರ್ ಗುರುತಿರುವ ಸ್ಕೇಲನ್ನು ಹುಬ್ಬಿಗೆ ತಾಗಿಸಿ ಹಿಡಿದು, ಬಲಗಣ್ಣು ಮುಚ್ಚಿ, ಎಡಗಣ್ಣಿನ ಪಾಪೆಯ ನಡುವಿಗೆ ಸೊನ್ನೆಯನ್ನು ಹೊಂದಿಸಿರಿ. ತಲೆಯನ್ನಾಗಲಿ ಸ್ಕೇಲನ್ನಾಗಲಿ ಕದಲಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದು, ಬಲ ಪಾಪೆಯ ನಡುವೆ ಯಾವ ಅಂಕಿ ಬರುತ್ತದೆಂದು ಓದಿರಿ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 63 ಮಿ.ಮೀ. ಆಸುಪಾಸು ಇರುತ್ತದೆ. ಕ್ವೆಸ್ಟ್ 3ರ ಅಡಿಭಾಗದ ಚಕ್ರ ತಿರುಗಿಸಿದರೆ ಪರದೆಯ ಮೇಲೆ ಅಂಕಿಯೇ ಕಾಣುತ್ತದೆ. ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ ಲೆನ್ಸನ್ನೇ ಕೈಯಿಂದ ಸರಿಸಿ 58, 63, 68 ಎಂಬ ಮೂರು ಸ್ಥಾನಗಳಲ್ಲಿ ಹತ್ತಿರದ್ದಕ್ಕೆ ಇಡಬೇಕು. ಬಳಿಕ ಹೆಡ್‌ಸೆಟ್ಟನ್ನು ಮುಖದ ಮೇಲೆ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಸರಿಸಿ, ಮೆನುವಿನ ಚಿಕ್ಕ ಅಕ್ಷರಗಳು ಚೂಪಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿ, ಅಲ್ಲಿಯೇ ಪಟ್ಟಿ ಬಿಗಿಯಿರಿ.

ಲೆನ್ಸ್ ಒರೆಸುವ ವಿಷಯದಲ್ಲಿ ನಮ್ಮ ಊರಿನವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕಾಗಿದೆ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಎಷ್ಟೋ ಮನೆಗಳಲ್ಲಿ ಬೈಕ್ ಒರೆಸುವುದರಿಂದ ಹಿಡಿದು ಟಿವಿ ಒರೆಸುವ ತನಕ ಎಲ್ಲಕ್ಕೂ ಡೆನಿಮ್ ತುಂಡೇ ಕೈಗೆ ಸಿಗುತ್ತದೆ. ಹೆಡ್‌ಸೆಟ್ಟಿನ ಲೆನ್ಸ್ ಗಾಜಿನದ್ದಲ್ಲ, ಲೇಪನ ಹಚ್ಚಿದ ಪ್ಲಾಸ್ಟಿಕ್ಕಿನದ್ದು. ಅದರ ಮೇಲೆ ಕುಳಿತ ಕೆಂಪು ಧೂಳಿನ ಸಮೇತ ಡೆನಿಮ್ಮಿನಿಂದ ಉಜ್ಜಿದರೆ ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ ಸರಿ, ಆ ಗೀರು ಮತ್ತೆ ಹೋಗುವುದಿಲ್ಲ. ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಹಾರಿಸಿ, ಆಮೇಲೆ ಕನ್ನಡಕದ ಜೊತೆ ಕೊಡುವ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ಸುತ್ತುತ್ತ ಹಗುರಾಗಿ ಒರೆಸಿರಿ. ಸ್ಪಿರಿಟ್, ಸ್ಯಾನಿಟೈಸರ್, ಗಾಜು ಒರೆಸುವ ದ್ರವ ಇವು ಯಾವುವೂ ಬೇಡ.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಲೆನ್ಸಿನ ಮೇಲೆ ಬಿಸಿಲು ಬೀಳಬಾರದು. ಭೂತಗನ್ನಡಿಯಿಂದ ಕಾಗದ ಸುಡುವ ಹಾಗೆಯೇ ಹೆಡ್‌ಸೆಟ್ಟಿನ ಲೆನ್ಸ್ ಬಿಸಿಲನ್ನು ಒಂದು ಚುಕ್ಕಿಗೆ ಕೂಡಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ. ಕಿಟಕಿಯ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಲೆನ್ಸ್ ಮೇಲೆ ಮಾಡಿ ಇಟ್ಟುಹೋಗುವುದು ಒಂದೇ ಮಧ್ಯಾಹ್ನದಲ್ಲಿ ಹೆಡ್‌ಸೆಟ್ ಕಳೆದುಕೊಳ್ಳುವ ದಾರಿ.

ಆದರೂ ಕೋಣೆ ಕತ್ತಲಾಗಿರಬಾರದು. ಹೆಡ್‌ಸೆಟ್ಟಿನ ಹೊರಗಿನ ಕ್ಯಾಮೆರಾಗಳು ಕೋಣೆಯ ಗೋಡೆ, ಮೇಜು, ಬಾಗಿಲುಗಳನ್ನು ನೋಡಿಯೇ ತಲೆಯ ಚಲನೆಯನ್ನು ಲೆಕ್ಕ ಹಾಕುತ್ತವೆ. ಬೆಳಕು ಸಾಲದಿದ್ದರೆ ಚಿತ್ರ ನಡುಗುತ್ತದೆ, ಆ ನಡುಕವನ್ನು ಗ್ರಾಫಿಕ್ಸ್ ದೋಷವೆಂದು ತಿಳಿದು ಸೆಟ್ಟಿಂಗ್ ಬದಲಿಸಿ ಫಲವಿಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್‌ನದ್ದಾಗಿರುವುದರಿಂದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಅದಕ್ಕೆ ತಕ್ಕಂತೆ ಮಿನುಗುತ್ತವೆ. ಕ್ವೆಸ್ಟ್‌ನ ಟ್ರ್ಯಾಕಿಂಗ್ ಸೆಟ್ಟಿಂಗಿನಲ್ಲಿ ಆವರ್ತನ 60 ಹರ್ಟ್ಜ್ ಎಂದಿದ್ದರೆ 50ಕ್ಕೆ ಬದಲಿಸಿರಿ. ದೊಡ್ಡ ಕನ್ನಡಿ, ಗಾಜಿನ ಬಾಗಿಲಿನ ಬೀರು ಇದ್ದರೆ ಬಟ್ಟೆ ಹೊದಿಸಿರಿ. ನಿಂತು ಆಡುವವರು ಕೈ ಮೇಲೆತ್ತಿ ಸೀಲಿಂಗ್ ಫ್ಯಾನ್ ತಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಲ್ಯಾಪ್‌ಟಾಪ್, ಕರೆಂಟು, ಕೇಬಲ್

ಲ್ಯಾಪ್‌ಟಾಪಿನಲ್ಲಿ ಆಡುವವರು ಚಾರ್ಜರ್ ಚುಚ್ಚಿಯೇ ಆಡಬೇಕು. ಬ್ಯಾಟರಿಗೆ ಬಂದ ಕ್ಷಣ ಗ್ರಾಫಿಕ್ಸ್ ಚಿಪ್ಪಿಗೆ ಸಿಗುವ ಶಕ್ತಿಯನ್ನು ಯಂತ್ರವೇ ಕಡಿತ ಮಾಡುತ್ತದೆ. ಆಟದ ನಡುವೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಆರುವುದಿಲ್ಲವಾದ್ದರಿಂದ ಒಳಗಿರುವವನಿಗೆ ಏನೂ ತಿಳಿಯುವುದಿಲ್ಲ, ಫ್ರೇಮ್‌ಗಳು ಮಾತ್ರ ಇದ್ದಕ್ಕಿದ್ದಂತೆ ಕುಸಿದು ತಲೆ ಸುತ್ತಲಾರಂಭಿಸುತ್ತದೆ. ನಮ್ಮ ಹುಡುಗನಿಗೆ ನಾನು ಕಲಿಸಿದ ಮೊದಲ ಅಭ್ಯಾಸವೆಂದರೆ, ಫ್ಯಾನಿನ ಗಾಳಿ ನಿಂತದ್ದು ಮೈಗೆ ತಿಳಿದ ಕೂಡಲೇ ಹೆಡ್‌ಸೆಟ್ ಕಳಚುವುದು. ಇನ್ವರ್ಟರ್ ಇದ್ದವರು ಲ್ಯಾಪ್‌ಟಾಪಿನ ಪ್ಲಗ್ಗನ್ನೂ ರೌಟರಿನ ಪ್ಲಗ್ಗನ್ನೂ ಅದರ ಲೈನಿಗೇ ಕೊಡುವುದು ಲೇಸು.

ವಿಂಡೋಸ್‌ನಲ್ಲಿ ಪವರ್ ಮೋಡನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ. ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಹೋಗಿ ಆಟಕ್ಕೂ, ಪಿಸಿಯ ವಿಆರ್ ಆಟಗಳನ್ನು ಹೆಡ್‌ಸೆಟ್ಟಿನಲ್ಲಿ ಓಡಿಸುವ ಸ್ಟೀಮ್‌ವಿಆರ್ ಎಂಬ ತಂತ್ರಾಂಶಕ್ಕೂ ಹೈ ಪರ್ಫಾರ್ಮೆನ್ಸ್ ಆಯ್ಕೆ ಮಾಡಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪುಗಳಲ್ಲಿ ಆಟ ತಪ್ಪಿ ಚಿಕ್ಕ ಚಿಪ್ಪಿನ ಮೇಲೆ ಓಡುವುದನ್ನು ಇದು ತಡೆಯುತ್ತದೆ. ಇನ್ನು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಆ ಗಾಳಿಯನ್ನೇ ಎಳೆದುಕೊಂಡು ತಣ್ಣಗಾಗಬೇಕಾದ ಲ್ಯಾಪ್‌ಟಾಪ್ ಅರ್ಧ ಗಂಟೆಯೊಳಗೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಿಂಬದಿಗೆ ಎರಡು ಬೆರಳಿನಷ್ಟು ಎತ್ತರ ಕೊಟ್ಟು, ಹಾಸಿಗೆಯ ಮೇಲಲ್ಲದೆ ಗಟ್ಟಿ ಮೇಜಿನ ಮೇಲಿಡಿ. ಗಾಳಿ ಹೋಗುವ ಕಿಂಡಿಗಳಲ್ಲಿ ಕೂತ ಕೆಂಪು ಧೂಳನ್ನು ಎರಡು ಮೂರು ತಿಂಗಳಿಗೊಮ್ಮೆ ತೆಗೆಸಿರಿ.

ಕೇಬಲ್ ವಿಷಯದಲ್ಲಿ ನಾವು ಒಂದಿಡೀ ಸಂಜೆ ಕಳೆದೆವು. ಅಂಗಡಿಯವರು “ಟೈಪ್ ಸಿ ಎಲ್ಲಾ ಒಂದಾ ಸರ್” ಎಂದು ಕೊಟ್ಟ ಉದ್ದದ ಕೇಬಲ್ ನೋಡಲು ಸೊಗಸಾಗಿಯೇ ಇತ್ತು, ಒಳಗೆ ಮಾತ್ರ ಯುಎಸ್‌ಬಿ 2ರ ತಂತಿಗಳಷ್ಟೇ ಇದ್ದವು. ಚಾರ್ಜ್ ಆಗುತ್ತಿತ್ತು, ಚಿತ್ರವೂ ಬರುತ್ತಿತ್ತು, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ) ಏರಿಸಿದೊಡನೆ ಕಡಿದುಹೋಗುತ್ತಿತ್ತು. ಮೆಟಾದ ಪಿಸಿ ಆ್ಯಪ್‌ನಲ್ಲಿ ಯುಎಸ್‌ಬಿ ಪರೀಕ್ಷೆಯ ಗುಂಡಿ ಇದೆ. ಯುಎಸ್‌ಬಿ 2 ಎಂದರೆ ಅದರ ಮಿತಿಯೇ ಸೆಕೆಂಡಿಗೆ 480 ಮೆಗಾಬಿಟ್. ಯುಎಸ್‌ಬಿ 3 ಕೇಬಲನ್ನು ಸರಿಯಾದ ಪೋರ್ಟಿಗೆ ಹಾಕಿದರೆ ಪರೀಕ್ಷೆಯ ಫಲಿತಾಂಶ ಗಿಗಾಬಿಟ್‌ಗಳಲ್ಲಿ ಬರಬೇಕು. ಹಾಗೆ ಬರದಿದ್ದರೆ ಮೊದಲು ಪೋರ್ಟ್ ಬದಲಿಸಿ, ಆಮೇಲೆ ಕೇಬಲ್ ಬದಲಿಸಿ.

ರಿಫ್ರೆಶ್ ರೇಟ್: ಬಜೆಟ್ ಕಟ್ಟುವುದು

ಈಗ ಮೊದಲ ನಿಜವಾದ ತೀರ್ಮಾನ. ಕ್ವೆಸ್ಟ್ 3ರಲ್ಲಿ 72, 80, 90, 120 ಹರ್ಟ್ಜ್ ಆಯ್ಕೆಗಳಿವೆ. ಇವನ್ನು ವೇಗವೆಂದು ನೋಡದೆ, ಒಂದು ಫ್ರೇಮ್ ಬರೆಯಲು ಸಿಗುವ ಸಮಯವೆಂದು ನೋಡಬೇಕು. 72ರಲ್ಲಿ 13.9 ಮಿಲಿಸೆಕೆಂಡ್ ಸಿಗುತ್ತದೆ, 80ರಲ್ಲಿ 12.5, 90ರಲ್ಲಿ 11.1, 120ರಲ್ಲಿ 8.3 ಮಾತ್ರ. ಆ ಸಮಯದೊಳಗೆ ಎರಡೂ ಕಣ್ಣಿನ ಚಿತ್ರ ಸಿದ್ಧವಾಗದಿದ್ದರೆ ಆ ಫ್ರೇಮ್ ತಪ್ಪಿದಂತೆಯೇ.

ಎಲ್ಲರೂ 120ಕ್ಕೆ ಆಸೆಪಡುತ್ತಾರೆ. ನನ್ನ ಅನುಭವದಲ್ಲಿ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪಿನಂಥ ಮಧ್ಯಮ ಯಂತ್ರಕ್ಕೆ 72 ಅಥವಾ 80 ಹರ್ಟ್ಜ್‌ನಲ್ಲಿ ಆರಂಭಿಸುವುದೇ ಸರಿ. ಎಂದೂ ತಪ್ಪದ 72, ಆಗಾಗ ತಪ್ಪುವ 120ಕ್ಕಿಂತ ಕಣ್ಣಿಗೂ ಹೊಟ್ಟೆಗೂ ಹಿತ. ಲಯಕ್ಕೆ ತಕ್ಕಂತೆ ಕೈ ಬೀಸುವ, ಗ್ರಾಫಿಕ್ಸ್ ಸರಳವಾಗಿರುವ ಆಟಗಳಿಗೆ ಮಾತ್ರ 120 ಇಟ್ಟು ನೋಡಬಹುದು. ಹೆಡ್‌ಸೆಟ್ಟನ್ನು ಪಿಸಿಗೆ ಜೋಡಿಸುವ ಮೆಟಾದ ಲಿಂಕ್ ವ್ಯವಸ್ಥೆ ಬಳಸುವವರಿಗೆ ಈ ಆಯ್ಕೆ ಪಿಸಿ ಆ್ಯಪ್‌ನ ಡಿವೈಸಸ್ ಪುಟದಲ್ಲಿ, ಹೆಡ್‌ಸೆಟ್ಟಿನ ಹೆಸರು ಒತ್ತಿದಾಗ ಬರುವ ಗ್ರಾಫಿಕ್ಸ್ ಪ್ರಿಫರೆನ್ಸಸ್‌ನಲ್ಲಿ ಇರುತ್ತದೆ. ಅದೇ ಕೆಲಸಕ್ಕೆ ವರ್ಚುವಲ್ ಡೆಸ್ಕ್‌ಟಾಪ್ ಎಂಬ ಬೇರೆ ಆ್ಯಪ್ ಬಳಸುವವರು ಅದರ ಸ್ಟ್ರೀಮಿಂಗ್ ಪುಟದಲ್ಲಿ ನೋಡಬೇಕು.

ರೆಸಲ್ಯೂಷನ್: ಮೂರು ನಲ್ಲಿಗಳು, ಒಂದೇ ತೊಟ್ಟಿ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿ, ಆದ್ದರಿಂದ ಸಾವಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ರೆಸಲ್ಯೂಷನ್ ಏರಿಸುವ ನಲ್ಲಿ ಒಂದಲ್ಲ, ಮೂರು. ಮೊದಲನೆಯದು ಮೆಟಾದ ಪಿಸಿ ಆ್ಯಪ್‌ನಲ್ಲಿರುವ ರೆಂಡರ್ ರೆಸಲ್ಯೂಷನ್ ಸ್ಲೈಡರ್. ಎರಡನೆಯದು ಸ್ಟೀಮ್‌ವಿಆರ್‌ನ ವಿಡಿಯೊ ಪುಟದ ಶೇಕಡಾವಾರು ಸ್ಲೈಡರ್, ಅಲ್ಲಿಯೇ ಪ್ರತಿ ಆಟಕ್ಕೆ ಬೇರೆ ಬೇರೆಯಾಗಿ ಇಡುವ ಅವಕಾಶವೂ ಇದೆ. ಮೂರನೆಯದು ಆಟದೊಳಗಿನ ರೆಂಡರ್ ಸ್ಕೇಲ್. ಇವು ಒಂದನ್ನೊಂದು ಕೂಡುವುದಿಲ್ಲ, ಗುಣಿಸುತ್ತವೆ.

ಸ್ಟೀಮ್‌ವಿಆರ್‌ನ ಶೇಕಡಾ ಲೆಕ್ಕ ಒಟ್ಟು ಪಿಕ್ಸೆಲ್‌ಗಳದ್ದು. 150 ಎಂದರೆ ಒಂದೂವರೆ ಪಟ್ಟು ಪಿಕ್ಸೆಲ್, ಉದ್ದ ಅಗಲಗಳಲ್ಲಿ ಏರಿಕೆ ಸುಮಾರು 22 ಶೇಕಡಾ ಮಾತ್ರ. ಅನೇಕ ಆಟಗಳ ಒಳಗಿನ ಲೆಕ್ಕವಾದರೋ ಉದ್ದಕ್ಕೂ ಅಗಲಕ್ಕೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ, ಅಲ್ಲಿ 1.5 ಎಂದರೆ ಎರಡೂಕಾಲು ಪಟ್ಟು ಪಿಕ್ಸೆಲ್ ಆಗುತ್ತದೆ. ನಮ್ಮ ಹುಡುಗ ಇವೆರಡನ್ನೂ ಒಟ್ಟಿಗೆ ಇಟ್ಟಿದ್ದ, ಅಲ್ಲಿಗೇ ಹೊರೆ ಮೂರು ಪಟ್ಟು ದಾಟಿತು. ಮೇಲಾಗಿ ಮೆಟಾದ ಸ್ಲೈಡರ್ ಕೂಡ ಬಲತುದಿಯಲ್ಲಿತ್ತು. ಗೋಡೆ ತಡವಾಗಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಎರಡು ನಲ್ಲಿಗಳನ್ನು ಸಹಜ ಸ್ಥಿತಿಯಲ್ಲಿ ಬಿಟ್ಟು, ಒಂದರಿಂದ ಮಾತ್ರ ನೀರು ಬಿಡಬೇಕು. ಆಟದೊಳಗಿನದ್ದನ್ನು 1.0ಕ್ಕೆ, ಮೆಟಾದ ಸ್ಲೈಡರನ್ನು 1.0ರ ಗುರುತಿಗೆ ಇಡಿ. ಸ್ಟೀಮ್‌ವಿಆರ್‌ನಲ್ಲಿ ಆಟೋ ತೆಗೆದು ಕಸ್ಟಮ್ ಆಯ್ದು 100ರಲ್ಲಿ ಆರಂಭಿಸಿ, ಮುಂದೆ ಏರಿಸುವುದು ಇಳಿಸುವುದು ಎಲ್ಲ ಅಲ್ಲೇ ಮಾಡಿ. ಯಂತ್ರಕ್ಕೆ ಭಾರವಾದರೆ 70ಕ್ಕೆ ಇಳಿಸಲು ಹಿಂಜರಿಯಬೇಕಾಗಿಲ್ಲ. ಹೊರೆ 30 ಶೇಕಡಾ ಇಳಿದರೂ ಉದ್ದಗಲಗಳಲ್ಲಿ ಕಳೆದುಕೊಳ್ಳುವುದು 16 ಶೇಕಡಾ ಮಾತ್ರ. ಆಟವು ಸ್ಟೀಮ್‌ವಿಆರ್ ಮೂಲಕ ಹೋಗದೆ ನೇರವಾಗಿ ಮೆಟಾದ ಓಪನ್‌ಎಕ್ಸ್‌ಆರ್ (ಆಟವನ್ನು ಹೆಡ್‌ಸೆಟ್ಟಿಗೆ ಜೋಡಿಸುವ ಇನ್ನೊಂದು ದಾರಿ) ಮೂಲಕ ಓಡುವುದಾದರೆ ಸ್ಟೀಮ್‌ವಿಆರ್ ಸ್ಲೈಡರ್ ಅದಕ್ಕೆ ತಾಗುವುದೇ ಇಲ್ಲ, ಆಗ ಮೆಟಾದ ಸ್ಲೈಡರನ್ನೇ ಬಳಸಬೇಕು.

ಅಳೆಯದೆ ಬದಲಿಸಬೇಡಿ

ಕಣ್ಣಳತೆಯನ್ನು ನಂಬುವುದು ಕಷ್ಟ, ಹತ್ತು ನಿಮಿಷದಲ್ಲಿ ಕಣ್ಣು ಎಂಥ ಚಿತ್ರಕ್ಕೂ ಒಗ್ಗಿಕೊಳ್ಳುತ್ತದೆ. ಸ್ಟೀಮ್‌ವಿಆರ್‌ನ ಮೆನುವಿನಲ್ಲಿ ಡೆವಲಪರ್ ವಿಭಾಗದ ಫ್ರೇಮ್ ಟೈಮಿಂಗ್ ತೆರೆದರೆ ಪ್ರತಿ ಫ್ರೇಮಿಗೆ ಪ್ರೊಸೆಸರ್ ಎಷ್ಟು ಮಿಲಿಸೆಕೆಂಡ್ ತೆಗೆದುಕೊಂಡಿತು, ಗ್ರಾಫಿಕ್ಸ್ ಕಾರ್ಡ್ ಎಷ್ಟು ತೆಗೆದುಕೊಂಡಿತು ಎಂಬುದು ನಕ್ಷೆಯಾಗಿ ಕಾಣುತ್ತದೆ. ಲಿಂಕ್ ಬಳಸುವವರಿಗೆ ಆಕ್ಯುಲಸ್ ಡೀಬಗ್ ಟೂಲ್ ಎಂಬ ಉಪಕರಣ ಪಿಸಿ ಆ್ಯಪ್‌ನ ಫೋಲ್ಡರಿನಲ್ಲಿ, ಸಪೋರ್ಟ್ ಎಂಬುದರೊಳಗೆ ಸಿಗುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಚ್‌ಯುಡಿ ಆಯ್ದರೆ ಅಂಕಿಗಳು ಹೆಡ್‌ಸೆಟ್ಟಿನೊಳಗೇ ತೇಲುತ್ತವೆ.

ಪರೀಕ್ಷೆಗೆ ಆಟದ ಅತ್ಯಂತ ಭಾರವಾದ ಒಂದು ಜಾಗವನ್ನು ಆರಿಸಿಕೊಳ್ಳಿ: ಹೊಗೆ, ನೆರಳು, ಜನ, ಮರಗಳು ಎಲ್ಲ ಒಟ್ಟಿಗೆ ಇರುವಂಥದ್ದು. ಪ್ರತಿ ಬದಲಾವಣೆಯ ನಂತರ ಅದೇ ಜಾಗದಲ್ಲಿ ನಿಂತು, ಅದೇ ಕಡೆಗೆ ಎರಡು ನಿಮಿಷ ನೋಡಿ, ಅಂಕಿ ಬರೆದುಕೊಳ್ಳಿ. 2020ರಲ್ಲಿ ಬಂದ ಹಾಫ್-ಲೈಫ್: ಅಲಿಕ್ಸ್‌ನಂಥ ಆಟವನ್ನು ಪರೀಕ್ಷೆಗೆ ಬಳಸಬೇಡಿ, ಹೊರೆ ಹೆಚ್ಚಾದಾಗ ಅದು ತಾನಾಗಿಯೇ ರೆಸಲ್ಯೂಷನ್ ಇಳಿಸಿಕೊಳ್ಳುವುದರಿಂದ ನಿಮ್ಮ ಬದಲಾವಣೆಯ ಫಲ ಅಂಕಿಗಳಲ್ಲಿ ಕಾಣುವುದಿಲ್ಲ.

ಗುರಿ ಹೀಗಿರಲಿ: 90 ಹರ್ಟ್ಜ್‌ನಲ್ಲಿ 11.1 ಮಿಲಿಸೆಕೆಂಡ್ ಸಿಗುತ್ತದೆಂದರೆ ಗ್ರಾಫಿಕ್ಸ್ ಕಾರ್ಡಿನ ಅಂಕಿ 9.5ರ ಒಳಗೆ ನಿಲ್ಲಬೇಕು. 72ರಲ್ಲಿ 12ರ ಒಳಗೆ. ಉಳಿದ ಅವಕಾಶ ಚಿತ್ರವನ್ನು ವಿಡಿಯೊ ಆಗಿ ಹಿಂಡಿ ಹೆಡ್‌ಸೆಟ್ಟಿಗೆ ಕಳಿಸುವ ಕೆಲಸಕ್ಕೂ, ಹಠಾತ್ತಾಗಿ ಬರುವ ಭಾರಕ್ಕೂ ಬೇಕು. ದೋಷ ಪ್ರೊಸೆಸರಿನದ್ದೋ ಗ್ರಾಫಿಕ್ಸ್ ಕಾರ್ಡಿನದ್ದೋ ಎಂಬ ಸಂದೇಹ ಬಂದರೆ ರೆಸಲ್ಯೂಷನ್ನನ್ನು ಅರ್ಧಕ್ಕೆ ಇಳಿಸಿ ನೋಡಿ. ಫ್ರೇಮ್ ತಪ್ಪುವುದು ನಿಂತರೆ ಕಾರ್ಡಿನ ಹೊರೆ. ಕಿಂಚಿತ್ತೂ ಬದಲಾಗದಿದ್ದರೆ ಪ್ರೊಸೆಸರಿನ ಹೊರೆ. ಆಗ ರೆಸಲ್ಯೂಷನ್ನನ್ನು ಮತ್ತೆ ಏರಿಸಿ, ದೂರದ ದೃಶ್ಯ, ಜನಸಂದಣಿ, ವಾಹನಗಳ ಸಂಖ್ಯೆ ಇವುಗಳನ್ನು ಇಳಿಸಬೇಕು.

ಆಟದೊಳಗೆ ಏನನ್ನು ಇಳಿಸಬೇಕು, ಏನನ್ನು ಉಳಿಸಬೇಕು

ಮೋಷನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್, ಫಿಲ್ಮ್ ಗ್ರೇನ್, ಕ್ರೋಮ್ಯಾಟಿಕ್ ಅಬರೇಶನ್ ಇವುಗಳನ್ನು ಯೋಚಿಸದೆ ಆಫ್ ಮಾಡಿ. ಇವು ಕ್ಯಾಮೆರಾದ ದೋಷಗಳ ಅನುಕರಣೆ, ಹೆಡ್‌ಸೆಟ್ಟಿನಲ್ಲಿ ನೋಡುತ್ತಿರುವುದು ಕ್ಯಾಮೆರಾ ಅಲ್ಲ, ಕಣ್ಣು. ಚಲಿಸುವಾಗ ಅಂಚುಗಳನ್ನು ಕಪ್ಪಾಗಿಸುವ ಕಂಫರ್ಟ್ ವಿಗ್ನೆಟ್ ಬೇರೆ ವಿಷಯ, ಹೊಸಬರು ಅದನ್ನು ಆನ್ ಇಟ್ಟುಕೊಳ್ಳಲಿ.

ನೆರಳುಗಳು ಬಹಳ ದುಬಾರಿ, ಅಲ್ಟ್ರಾದಿಂದ ಮೀಡಿಯಮ್ಮಿಗೆ ತಂದರೆ ಕಾಣುವ ನಷ್ಟ ಅಲ್ಪ, ಉಳಿಯುವ ಸಮಯ ಹೆಚ್ಚು. ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್‌ಗಳನ್ನು ಪೂರ್ತಿ ತೆಗೆಯಬಹುದು, ಎಡಗಣ್ಣಿಗೂ ಬಲಗಣ್ಣಿಗೂ ಪ್ರತಿಬಿಂಬ ಹೊಂದದೆ ನೀರು ಮಿಂಚಿದಂತೆ ಕಿರಿಕಿರಿಯಾಗುವುದುಂಟು. ಹೊಗೆ, ಮಂಜು, ಮೋಡಗಳನ್ನು ಕೆಳಗಿನ ಹಂತಕ್ಕೆ ತನ್ನಿ. ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಗೆ ಅಂಟಿಸುವ ಚಿತ್ರಗಳ ವಿಷಯ ಬೇರೆ. ಗ್ರಾಫಿಕ್ಸ್ ಮೆಮೊರಿಯಲ್ಲಿ ಹಿಡಿಸುವ ತನಕ ಅದು ಸಮಯವನ್ನು ಅಷ್ಟಾಗಿ ತಿನ್ನುವುದಿಲ್ಲ, ಆದ್ದರಿಂದ ಹೈ ಇಡಬಹುದು. ಮೆಮೊರಿ ತುಂಬಿದ ಮರುಕ್ಷಣ ಮಾತ್ರ ಫ್ರೇಮ್‌ಗಳು ಎಡವಿ ಬೀಳತೊಡಗುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಬಳಕೆ ನೋಡಿಕೊಂಡು, ಒಂದು ಜಿಬಿಯಾದರೂ ಖಾಲಿ ಇರುವಂತೆ ನಿಲ್ಲಿಸಿ. ಅನಿಸೋಟ್ರೋಪಿಕ್ ಫಿಲ್ಟರಿಂಗ್ 8 ಅಥವಾ 16ರಲ್ಲಿ ಇರಲಿ, ಅದರ ಖರ್ಚು ಕಡಿಮೆ, ನೆಲ ಮತ್ತು ರಸ್ತೆ ದೂರದ ತನಕ ಸ್ಪಷ್ಟವಾಗಿ ಉಳಿಯುತ್ತವೆ.

ಅಂಚು ನಯಗೊಳಿಸುವ ಆ್ಯಂಟಿ ಅಲಿಯಾಸಿಂಗ್‌ನಲ್ಲಿ ಎಂಎಸ್‌ಎಎ ಎಂಬ ವಿಧಾನ ಇದ್ದರೆ 4ರಲ್ಲಿ ಇಡಿ, ವಿಆರ್‌ಗೆ ಅದರಷ್ಟು ಒಪ್ಪುವುದು ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ. ಟಿಎಎ ಎಂಬ ಇನ್ನೊಂದು ವಿಧಾನ ಹಿಂದಿನ ಫ್ರೇಮ್‌ಗಳನ್ನು ಬೆರೆಸಿ ಕೆಲಸ ಮಾಡುತ್ತದೆ. ತಲೆ ಎಂದೂ ಪೂರ್ತಿ ನಿಶ್ಚಲವಾಗಿರುವುದಿಲ್ಲವಾದ್ದರಿಂದ ಎಲ್ಲವೂ ತೆಳುವಾಗಿ ಕಲೆಸಿದಂತಾಗುತ್ತದೆ. ಅದೊಂದೇ ಆಯ್ಕೆ ಇರುವ ಆಟಗಳಲ್ಲಿ ರೆಸಲ್ಯೂಷನ್ ಸ್ವಲ್ಪ ಏರಿಸಿ ಸರಿದೂಗಿಸಬೇಕು.

ಒಂದು ಉದಾಹರಣೆ: ತೋರಣಗಲ್ಲಿನಿಂದ ತುಂಗಭದ್ರೆಗೆ

ನಮ್ಮ ಹುಡುಗನಿಗೆ ವಿಮಾನದ ಹುಚ್ಚು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ 2020ರ ಡಿಸೆಂಬರಿನಿಂದ ವಿಆರ್ ಬೆಂಬಲ ಇದೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಏರಿ, ಸಂಡೂರಿನ ಬೆಟ್ಟಗಳನ್ನು ಎಡಕ್ಕೆ ಬಿಟ್ಟು, ಹೊಸಪೇಟೆಯ ಜಲಾಶಯದ ಮೇಲೆ ಒಂದು ಸುತ್ತು ಹಾಕುವುದನ್ನೇ ನಾವು ಪರೀಕ್ಷೆಯ ದಾರಿಯಾಗಿ ಇಟ್ಟುಕೊಂಡೆವು. ಬೆಟ್ಟ, ನೀರು, ಊರು, ಮೋಡ ನಾಲ್ಕೂ ಅದರಲ್ಲಿ ಬರುತ್ತವೆ.

ವಿಆರ್ ಆಟಗಳಲ್ಲಿ ಇದು ಅತಿ ಭಾರವಾದವುಗಳಲ್ಲಿ ಒಂದು, ಆದ್ದರಿಂದ ಕಲಿಯಲು ಒಳ್ಳೆಯದು. ಗ್ರಾಫಿಕ್ಸ್ ಪುಟದಲ್ಲಿ ಪಿಸಿ ಮತ್ತು ವಿಆರ್ ಎಂದು ಬೇರೆ ಬೇರೆ ಪಟ್ಟಿಗಳಿವೆ; ಬದಲಾವಣೆಯನ್ನು ವಿಆರ್ ಪಟ್ಟಿಯಲ್ಲಿಯೇ ಮಾಡಬೇಕು. ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿದರೆ ವಿಆರ್ ಆನ್ ಆಗುತ್ತದೆ. ಮೊದಲ ಹಾರಾಟದಲ್ಲಿ ಪ್ರೊಸೆಸರಿನ ಅಂಕಿಯೇ ಮಿತಿ ಮೀರುತ್ತಿತ್ತು. ನೆಲದ ವಿವರ ಎಷ್ಟಿರಬೇಕೆಂದು ಹೇಳುವ ಟೆರೇನ್ ಲೆವೆಲ್ ಆಫ್ ಡೀಟೇಲನ್ನು 100ಕ್ಕೆ, ಆಮೇಲೆ 70ಕ್ಕೆ ಇಳಿಸಿದಾಗ ಊರಿನ ಮೇಲಿನ ಕುಕ್ಕಾಟ ನಿಂತಿತು. ವಿಮಾನದ ಡಿಜಿಟಲ್ ಫಲಕಗಳಿಗೆ ಸಂಬಂಧಿಸಿದ ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟನ್ನು ಕೆಳಗಿನ ಹಂತಕ್ಕೆ ತಂದಾಗ ಇನ್ನಷ್ಟು ಹಗುರಾಯಿತು. ಬಳಿಕ ಉಳಿದದ್ದು ಕಾರ್ಡಿನ ಹೊರೆ, ಮೋಡಗಳನ್ನು ಹೈಯಿಂದ ಮೀಡಿಯಮ್ಮಿಗೆ ತಂದದ್ದೇ ಅದಕ್ಕೆ ದೊಡ್ಡ ಪರಿಹಾರವಾಯಿತು.

ಆಮೇಲೆ ಡಿಎಲ್‌ಎಸ್‌ಎಸ್ ಹಾಕಿ ನೋಡಿದೆವು. ಇದು ಕಡಿಮೆ ರೆಸಲ್ಯೂಷನ್ನಿನಲ್ಲಿ ಬರೆದು ಹೆಚ್ಚಿನದಕ್ಕೆ ಹಿಗ್ಗಿಸುವ ಎನ್‌ವಿಡಿಯಾದ ತಂತ್ರ. ಸಮಯವೇನೋ ಚೆನ್ನಾಗಿಯೇ ಉಳಿಯಿತು. ಆದರೆ ಎತ್ತರ ತೋರಿಸುವ ಅಂಕಿಗಳು ಬದಲಾಗುವಾಗ ಒಂದರ ಹಿಂದೆ ಇನ್ನೊಂದರ ನೆರಳು ಎಳೆದುಕೊಂಡು ಹೋಗುತ್ತಿತ್ತು: 3ರ ಮೇಲೆ 4 ಕುಳಿತು, ಅರೆಕ್ಷಣ ಎರಡೂ ಕಾಣುತ್ತಿದ್ದವು. ಹುಡುಗನಿಗೆ ಉಪಕರಣ ಓದುವುದೇ ಮುಖ್ಯವಾದ್ದರಿಂದ ಡಿಎಲ್‌ಎಸ್‌ಎಸ್ ತೆಗೆದು ಟಿಎಎ ಇಟ್ಟು, ರೆಂಡರ್ ಸ್ಕೇಲಿಂಗನ್ನು 80ಕ್ಕೆ ನಿಲ್ಲಿಸಿದೆವು. ಹೊರಗಿನ ದೃಶ್ಯವೇ ಮುಖ್ಯ ಎನ್ನುವವರು ಕ್ವಾಲಿಟಿ ಹಂತದ ಡಿಎಲ್‌ಎಸ್‌ಎಸ್ ಇಟ್ಟುಕೊಂಡರೆ ತಪ್ಪೇನೂ ಇಲ್ಲ.

ಅರ್ಧ ವೇಗದ ಸಹಾಯ

ಯಂತ್ರ ಪೂರ್ತಿ ಫ್ರೇಮ್‌ಗಳನ್ನು ಕೊಡಲಾಗದಿದ್ದಾಗ ಮೆಟಾದ ಎಎಸ್‌ಡಬ್ಲ್ಯು ಎಂಬ ವ್ಯವಸ್ಥೆ ಆಟದ ವೇಗವನ್ನು ಅರ್ಧಕ್ಕೆ ಇಳಿಸಿ, ನಡುನಡುವಿನ ಫ್ರೇಮ್‌ಗಳನ್ನು ಊಹಿಸಿ ತುಂಬುತ್ತದೆ. 90ರಲ್ಲಿ ಆಟ ಬರೆಯುವುದು 45, ಉಳಿದ 45 ಊಹೆ. ಸ್ಟೀಮ್‌ವಿಆರ್‌ನಲ್ಲಿ ಇದಕ್ಕೆ ಮೋಷನ್ ಸ್ಮೂದಿಂಗ್ ಎಂದು ಹೆಸರು. ಕುಳಿತು ನಿಧಾನವಾಗಿ ಹಾರುವ ಆಟಕ್ಕೆ ಇದು ನಿಜಕ್ಕೂ ಉಪಕಾರಿ. ಕೈ ಬೀಸುವ, ಗುರಿಯಿಡುವ ಆಟಗಳಲ್ಲಿ ಮಾತ್ರ ಕೈಯ ಸುತ್ತ ಗಾಳಿ ಕದಡಿದಂತೆ ಅಲೆ ಕಾಣುತ್ತದೆ, ಅಂಥವುಗಳಲ್ಲಿ ತೆಗೆದುಹಾಕಿ. ಲಿಂಕ್‌ನಲ್ಲಿ ಕಂಟ್ರೋಲ್ ಹಿಡಿದು ನಂಬರ್ ಪ್ಯಾಡಿನ 1 ಒತ್ತಿದರೆ ಆಫ್, 4 ಒತ್ತಿದರೆ ಮತ್ತೆ ತಾನಾಗಿಯೇ ನಿರ್ಧರಿಸುವ ಸ್ಥಿತಿ. ಮುಖ್ಯವಾಗಿ, ಅಳೆಯುವಾಗ ಇದನ್ನು ಆಫ್ ಇಟ್ಟೇ ಅಳೆಯಬೇಕು, ಇಲ್ಲವಾದರೆ 45ಕ್ಕೆ ಕಟ್ಟಿಹಾಕಿದ ಅಂಕಿಯನ್ನು ನಿಮ್ಮ ಯಂತ್ರದ ಶಕ್ತಿಯೆಂದು ತಪ್ಪು ತಿಳಿಯುವಿರಿ.

ಕಳಿಸುವ ದಾರಿ: ಬಿಟ್‌ರೇಟ್ ಮತ್ತು ವೈಫೈ

ಕ್ವೆಸ್ಟ್‌ಗೆ ಬರುವುದು ನೇರ ಚಿತ್ರವಲ್ಲ, ಹಿಂಡಿದ ವಿಡಿಯೊ. ಎಲ್ಲ ಸರಿಯಿದ್ದರೂ ಕತ್ತಲ ಗುಹೆಯೊಳಗೆ ಕಪ್ಪು ಬಣ್ಣ ಚೌಕ ಚೌಕವಾಗಿ ಒಡೆಯುತ್ತಿದ್ದರೆ, ತಲೆ ತಿರುಗಿಸಿದಾಗ ಎಲೆಗಳೆಲ್ಲ ಹಸಿರು ಮುದ್ದೆಯಾಗುತ್ತಿದ್ದರೆ ತೊಂದರೆ ಬಿಟ್‌ರೇಟಿನದ್ದು, ರೆಸಲ್ಯೂಷನ್ ಏರಿಸಿ ಪ್ರಯೋಜನವಿಲ್ಲ. ಅಂಚುಗಳು ಮೆಟ್ಟಿಲಿನಂತೆ ಕಂಡು ಮಿನುಗುತ್ತಿದ್ದರೆ ಅದು ರೆಸಲ್ಯೂಷನ್ ಅಥವಾ ಆ್ಯಂಟಿ ಅಲಿಯಾಸಿಂಗಿನ ಕೊರತೆ. ಪಕ್ಕದಲ್ಲಿ ಸಾಗುವ ಕಂಬ ಎರಡೆರಡಾಗಿ ಕಂಡರೆ ಫ್ರೇಮ್ ತಪ್ಪುತ್ತಿದೆ. ಒಂದೇ ಕಣ್ಣಿಗೆ ಮಸುಕಾದರೆ ಲೆನ್ಸಿಗೆ ಹಿಂತಿರುಗಿ. ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಕೇಬಲ್ ಬಳಸುವವರು ಡೀಬಗ್ ಟೂಲ್‌ನಲ್ಲಿ ಎನ್‌ಕೋಡ್ ಬಿಟ್‌ರೇಟ್ ಎಂಬಲ್ಲಿ 0 ಇರುವುದನ್ನು 200ಕ್ಕೆ ಬದಲಿಸಿ ಆರಂಭಿಸಿ, 50ರಂತೆ ಏರಿಸುತ್ತ ಹೋಗಿ. ಧ್ವನಿ ಕಡಿಯತೊಡಗಿದಲ್ಲಿ, ಅಥವಾ ಕೈಯ ಚಲನೆ ತಡವಾದಂತೆ ಅನಿಸಿದಲ್ಲಿ ಒಂದು ಹೆಜ್ಜೆ ಹಿಂದೆ ಬನ್ನಿ. ಬಿಟ್‌ರೇಟ್ ಏರಿದಷ್ಟೂ ಅದನ್ನು ಬಿಚ್ಚಲು ಹೆಡ್‌ಸೆಟ್ಟಿಗೆ ಹೆಚ್ಚು ಸಮಯ ಬೇಕು.

ವೈಫೈ ಬಳಸುವವರಿಗೆ ಇಂಟರ್ನೆಟ್ ವೇಗ ಮುಖ್ಯವಲ್ಲ, ಚಿತ್ರ ಮನೆಯೊಳಗೇ ಓಡಾಡುತ್ತದೆ. ಬೇಕಾದದ್ದು ಇಷ್ಟು: ಕಂಪ್ಯೂಟರ್ ಲ್ಯಾನ್ ಕೇಬಲ್ ಮೂಲಕ ರೌಟರಿಗೆ ಸೇರಿರಬೇಕು, ಹೆಡ್‌ಸೆಟ್ 5 ಗಿಗಾಹರ್ಟ್ಜ್‌ನಲ್ಲಿ ಇರಬೇಕು, ರೌಟರ್ ಆಡುವ ಕೋಣೆಯಲ್ಲಿಯೇ ಕಣ್ಣಿಗೆ ಕಾಣುವಂತೆ ಇರಬೇಕು. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆಯನ್ನು ದಾಟಿ 5 ಗಿಗಾಹರ್ಟ್ಜ್ ಅಲೆ ಬರುವಷ್ಟರಲ್ಲಿ ನಿಶ್ಶಕ್ತವಾಗಿರುತ್ತದೆ. ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಕೋಡೆಕ್ (ವಿಡಿಯೊ ಹಿಂಡುವ ವಿಧಾನ) ಆಯ್ಕೆಯೂ ಇದೆ: ಕ್ವೆಸ್ಟ್ 3 ಮತ್ತು ಆರ್‌ಟಿಎಕ್ಸ್ 40 ಸರಣಿಯ ಕಾರ್ಡ್ ಎರಡೂ ಇದ್ದರೆ ಎವಿ1 ಆಯ್ಕೆ ಮಾಡಿ, ಅದಕ್ಕಿಂತ ಹಳೆಯ ಕಾರ್ಡಿಗೆ ಎಚ್‌ಇವಿಸಿ ಸಾಕು.

ಇಷ್ಟೆಲ್ಲ ಹೊಂದಿದ ಮೇಲೆ ಪ್ರತಿ ಆಟದ ಅಂಕಿಗಳನ್ನು ಬರೆದಿಡಿ, ಅಪ್‌ಡೇಟ್ ಬಂದಾಗ ಕೆಲವು ತಾವಾಗಿಯೇ ಹಳೆಯ ಸ್ಥಿತಿಗೆ ಮರಳುವುದುಂಟು. ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಫ್ಲೈಟ್ ಸಿಮ್ಯುಲೇಟರಿಗೆ ಎರಡು ಸಾಲುಗಳಿವೆ. ಒಂದರ ಮುಂದೆ “ರಾತ್ರಿ” ಎಂದು ಬರೆದು 80 ಹರ್ಟ್ಜ್, ಸ್ಕೇಲಿಂಗ್ 80, ಮೋಡ ಮೀಡಿಯಮ್ ಎಂದಿದೆ. ಇನ್ನೊಂದರ ಮುಂದೆ “ಬ್ಯಾಸಿಗಿ ಮಧ್ಯಾಹ್ನ” ಎಂದು ಬರೆದು 72 ಹರ್ಟ್ಜ್, ಸ್ಕೇಲಿಂಗ್ 70, ಮೋಡ ಲೋ, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸುವುದು ಎಂದಿದೆ.